ಪಿಂಡ ಇಟ್ಟು ಗೂಬೆ ನೋಡಿದವನು

ಮೆಲ್ಕಾರಿನಲ್ಲಿ ಹಲ್ಲುನೋವು ಬಂದವರು ರಾಮಪ್ರಸಾದನ ಕ್ಲಿನಿಕ್ಕಿಗೆ ಹೋಗುವ ಮೊದಲು ಎರಡು ಸಲ ಯೋಚಿಸುತ್ತಾರೆ. ಕೈಗುಣ ಕೆಟ್ಟದ್ದೆಂದಲ್ಲ, ಕೈ ಚೆನ್ನಾಗಿಯೇ ಇದೆ. ಆದರೆ ಆ ಕೈ ಯಾವ ಗಳಿಗೆಯಲ್ಲಿ ರೋಗಿಯ ಬಾಯಿಯಿಂದ ಹೊರಗೆ ಬಂದು ದುರ್ಬೀನು ಹಿಡಿಯುತ್ತದೆಂದು ಹೇಳುವಂತಿಲ್ಲ.

ಮಗಳ ಮನೆಗೆಂದು ಬಂದಿದ್ದ ವೇಣೂರಿನ ಪದ್ಮಯ್ಯನಿಗೆ ಇದು ಗೊತ್ತಿರಲಿಲ್ಲ. ದವಡೆಗೆ ಮರಗಟ್ಟಿಸುವ ಸೂಜಿ ಚುಚ್ಚಿಸಿಕೊಂಡು, ಬಾಯಿ ತೆರೆದು ಕುರ್ಚಿಯಲ್ಲಿ ಮಲಗಿದ್ದರು. ಡಾಕ್ಟರ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. "ಐದು ನಿಮಿಷ" ಎಂದು ಹೇಳಿ ಹೋದವನು ತುಂಬೆಯ ಅಣೆಕಟ್ಟಿನಿಂದ ಹಿಂತಿರುಗುವಾಗ ಸೂಜಿಯ ಮದ್ದು ಇಳಿದು, ಹಲ್ಲು ನೆನಪಿಗೆ ಬಂದು, ಪದ್ಮಯ್ಯ ಕುರ್ಚಿಯ ಕೈ ಹಿಡಿದು ಕೂತಿದ್ದರು.

"ಮನೆಯಲ್ಲಿ ಯಾರಾದರೂ ತೀರಿಕೊಂಡರಾ ಡಾಕ್ಟ್ರೇ?"

"ಇಲ್ಲ, ಇಲ್ಲ. ಒಂದು ಬಾತು."

"ಬಾತು ಸತ್ತದ್ದಾ?"

"ಸತ್ತದ್ದಲ್ಲ, ಬಂದದ್ದು."

ಪದ್ಮಯ್ಯ ಹಲ್ಲು ಕೀಳಿಸಿಕೊಂಡು, ಹತ್ತಿಯನ್ನು ಕಚ್ಚಿಕೊಂಡು ಹೊರಟರು. ಹತ್ತಿ ಇದ್ದದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಆ ಹಿರಿಯರು ಒಂದೆರಡು ಮಾತು ಹೇಳಿಯೇ ಹೋಗುತ್ತಿದ್ದರು.

ಹಕ್ಕಿ ನೋಡುವವರು ಬೇರೆ, ಹಕ್ಕಿ ಎಣಿಸುವವರು ಬೇರೆ. ನೋಡುವವರಿಗೆ ಹಕ್ಕಿ ಇದ್ದರಾಯಿತು. ಎಣಿಸುವವರಿಗೆ ಹಕ್ಕಿ ತಮ್ಮ ಗಡಿಯೊಳಗೆ ಇರಬೇಕು. ರಾಮಪ್ರಸಾದನ ಗಡಿ ಬಂಟ್ವಾಳ ತಾಲೂಕು. ಕಂದಾಯದ ಅನುಕೂಲಕ್ಕೆಂದು ಯಾವುದೋ ಕಾಲದ ಅಧಿಕಾರಿ ಎಳೆದ ಗೆರೆಯನ್ನು ಹಕ್ಕಿಗಳೂ ಪಾಲಿಸಬೇಕೆಂದು ಈ ಓದಿದ ಮನುಷ್ಯ ಗಂಭೀರವಾಗಿ ನಂಬಿದ್ದ. ಅವನ ಸ್ನೇಹಿತರೂ ನಂಬಿದ್ದರು. ಯಾರು ತಾಲೂಕಿನೊಳಗೆ ಹೆಚ್ಚು ಜಾತಿಯ ಹಕ್ಕಿ ಕಂಡರೋ ಅವರು ಮೊದಲಿಗರು. ಇದಕ್ಕೆ ಸರಕಾರದ ಬಿರುದಿಲ್ಲ, ಊರಿನವರ ಸನ್ಮಾನವಿಲ್ಲ. ಮೊದಲಿಗನಾದರೆ ಎರಡನೆಯವನು ಹೊಟ್ಟೆ ಉರಿದುಕೊಳ್ಳುತ್ತಾನೆ, ಅಷ್ಟೆ. ಅದೇ ಅವರಿಗೆ ಸಾಕಾಗಿತ್ತು.

ಬೆಳ್ತಂಗಡಿ ತಾಲೂಕಿಗೆ ಘಟ್ಟವಿದೆ, ಘಟ್ಟದ ಕಾಡಿದೆ, ಕಾಡಿನ ಹಕ್ಕಿಗಳಿವೆ. ಬಂಟ್ವಾಳಕ್ಕೆ ಅದಿಲ್ಲ. ಈ ಅನ್ಯಾಯವನ್ನು ರಾಮಪ್ರಸಾದ ಮನಸ್ಸಿಗೆ ಹಚ್ಚಿಕೊಂಡಿದ್ದ. ಒಮ್ಮೆ ಗಡಿಯಲ್ಲಿ ಹರಿಯುವ ಸಣ್ಣ ತೋಡಿನ ಆಚೆ, ಬೆಳ್ತಂಗಡಿಯ ಮಣ್ಣಿನಲ್ಲಿ ನಿಂತ ಆಲದ ಮರದಲ್ಲಿ ದೊಡ್ಡ ಮಂಗಟ್ಟೆ ಹಕ್ಕಿಯೊಂದು ಹಣ್ಣು ತಿನ್ನುತ್ತಿತ್ತು. ಅವನು ಈಚೆ ನಿಂತು, ಮಧ್ಯಾಹ್ನದ ಊಟ ಬಿಟ್ಟು, ಅದು ತೋಡು ದಾಟಲೆಂದು ಕಾದ. ಅದು ದಾಟಲಿಲ್ಲ. ತಿಂದು, ಕೊಕ್ಕು ಒರೆಸಿಕೊಂಡು ಘಟ್ಟದ ಕಡೆಗೇ ಹಾರಿತು. ಬೆಳ್ತಂಗಡಿಯ ಹಕ್ಕಿಗಳ ಪಟ್ಟಿ ಇಟ್ಟಿದ್ದ ಜಯಪ್ರಕಾಶ್ ಜೊತೆಗಿದ್ದ.

"ನೀನು ಕಣ್ಣಾರೆ ನೋಡಿದೆಯಲ್ಲ ಮಾರಾಯ, ಬರ್ಕೊಳ್ಳುವುದಕ್ಕೆ ಎಂತ?" ಎಂದ.

"ನೋಡಿದ್ದು ಹೌದು. ಆದರೆ ಅದು ನಿಮ್ಮದಲ್ವಾ."

"ನಮ್ಮದು ಅಂತ ಅದಕ್ಕೆ ಗೊತ್ತುಂಟಾ?"

ರಾಮಪ್ರಸಾದನಿಗೆ ಇದು ತಮಾಷೆ ಎನಿಸಲಿಲ್ಲ. ಮನೆಗೆ ಬಂದು ಹೆಂಡತಿ ಶುಭಶ್ರೀಗೆ, ಬದುಕಿನಲ್ಲಿ ಏನೋ ಕೈತಪ್ಪಿದವನಂತೆ ಹೇಳಿಕೊಂಡ. ಅವಳು ಬೀನ್ಸ್ ಹೆಚ್ಚುತ್ತಿದ್ದವಳು ತಲೆ ಎತ್ತದೆ, "ನಾಳೆ ಅದಕ್ಕೊಂದು ಬಂಟ್ವಾಳದ ರೇಷನ್ ಕಾರ್ಡು ಮಾಡಿಸಿ" ಎಂದಳು.

ಅವನ ಎದುರಾಳಿ ಮುರಳಿ. ಅದೇ ಮೆಲ್ಕಾರಿನಲ್ಲಿ ಟೈಲ್ಸ್ ಅಂಗಡಿ ಇಟ್ಟವನು. ಕಾಲೇಜು ಮುಗಿಸಿಲ್ಲ, ಆದರೆ ಕ್ಯಾಮರಾಕ್ಕೆ ದುಡ್ಡು ಸುರಿಯಲು ಸಂಕೋಚವಿಲ್ಲ. ಇಬ್ಬರೂ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದರು. ಒಬ್ಬರ ಮಗುವಿನ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಒಬ್ಬರ ಪಟ್ಟಿಯ ಅಂಕೆ ಮಾತ್ರ ಇನ್ನೊಬ್ಬರಿಗೆ ಬಾಯಿಪಾಠ. ಆ ಕಾರ್ತಿಕದ ಹೊತ್ತಿಗೆ ಇಬ್ಬರ ಅಂಕೆ ಸಮವಾಗಿತ್ತು.

ಇನ್ನೊಂದು ಕಟ್ಟಳೆಯಿತ್ತು. ಅಪರೂಪದ ಹಕ್ಕಿಯಾದರೆ ಫೋಟೋ ಬೇಕು. ಹಿಂದೊಮ್ಮೆ ರಾಮಪ್ರಸಾದ ನರಿಕೊಂಬಿನ ಗದ್ದೆಯಲ್ಲಿ ಫೋಟೋ ಇಲ್ಲದೆ ಒಂದು ಅಪರೂಪದ ಕೊಕ್ಕರೆಯನ್ನು ಕಂಡಿದ್ದ. ಫೋನಿನ ಬಳಗದಲ್ಲಿ ಹೇಳಿಕೊಂಡದ್ದಕ್ಕೆ ಮುರಳಿ, "ಡಾಕ್ಟ್ರಿಗೆ ಹಲ್ಲಿರುವ ಕೊಕ್ಕರೆ ಕಂಡಿರಬೇಕು" ಎಂದು ಬರೆದ. ಅಲ್ಲಿದ್ದ ಅಷ್ಟೂ ಜನ ನಕ್ಕರು. ಅಂದಿನಿಂದ ರಾಮಪ್ರಸಾದ ಉದ್ದ ಮೂತಿಯ ಕ್ಯಾಮರಾವನ್ನು ಬಿಟ್ಟು ಎಲ್ಲಿಗೂ ಹೋದವನಲ್ಲ. ಮದುವೆಗೆ ಹೋದರೂ ಅದು ಕಾರಿನಲ್ಲಿ ಇರುತ್ತಿತ್ತು. ಬೊಜ್ಜಕ್ಕೆ, ಎಂದರೆ ಸತ್ತವರ ಉತ್ತರಕ್ರಿಯೆಗೆ, ಹೋದರೂ ಇರುತ್ತಿತ್ತು. ತನ್ನ ತಾಯಿಯ ಬೊಜ್ಜಕ್ಕೂ ಇತ್ತು ಎಂಬುದೇ ಇಲ್ಲಿ ಹೇಳಬೇಕಾದ ಸಂಗತಿ.

ಪುಂಜಾಲಕಟ್ಟೆಯಿಂದ ಒಳಗೆ, ನೆಕ್ಕರೆ ಎಂಬಲ್ಲಿ ಅವನ ತಾಯಿಯ ಮನೆ. ಮನೆಯ ಹಿಂದೆ ಗುಡ್ಡೆ, ಗುಡ್ಡೆಯ ಬುಡದಲ್ಲಿ ತೋಡು, ತೋಡಿನ ಆಚೆ ಬೆಳ್ತಂಗಡಿ ತಾಲೂಕು. ಮನೆಯೂ ಗುಡ್ಡೆಯೂ ಬಂಟ್ವಾಳದಲ್ಲಿ. ಘಟ್ಟದಿಂದ ದಾರಿ ತಪ್ಪಿದ ಹಕ್ಕಿ ಬಂಟ್ವಾಳಕ್ಕೆ ಕಾಲಿಟ್ಟರೆ ಮೊದಲು ಇಡುವುದು ಆ ಗುಡ್ಡೆಯಲ್ಲಿ. ರಾಮಪ್ರಸಾದನಿಗೆ ತಾಯಿಯ ಮನೆಯ ಮೇಲಿದ್ದ ಅಕ್ಕರೆಯ ಗುಟ್ಟು ಇಷ್ಟೇ. ತಾಯಿಯನ್ನು ನೋಡಲು ಬರುತ್ತೇನೆಂದು ಬಂದವನು ತಾಯಿಯೊಬ್ಬಳನ್ನು ಬಿಟ್ಟು ಉಳಿದದ್ದೆಲ್ಲವನ್ನೂ ನೋಡಿ ಹೋಗುತ್ತಿದ್ದ.

ತಾಯಿಯನ್ನು ನೋಡಿಕೊಂಡವಳು ಅವನ ಅಕ್ಕ ಅನ್ನಪೂರ್ಣೇಶ್ವರಿ. ಮದುವೆಯಾಗಿರಲಿಲ್ಲ. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದಳು, ಚೆನ್ನಾಗಿ ಹೇಳುತ್ತಿದ್ದಳು. ತಾಯಿಗೆ ಪಕ್ಷವಾತ ಬಡಿದಾಗ ತಮ್ಮನನ್ನು ಕೇಳಿದ್ದಳು. "ಕ್ಲಿನಿಕ್ ಬಿಟ್ಟು ನಾನು ಹೇಗೆ ಬರುದು ಅಕ್ಕ?" ಎಂದಿದ್ದ. ಅವನು ವಾರಕ್ಕೆ ಎಷ್ಟು ಸಲ ಕ್ಲಿನಿಕ್ ಬಿಡುತ್ತಾನೆಂದು ಅವಳಿಗೆ ತಿಳಿದಿತ್ತು. ಆದರೂ ಎದುರು ಹೇಳದೆ ಕೆಲಸ ಬಿಟ್ಟು ಬಂದಳು. ತಾಯಿಯನ್ನು ಎತ್ತಿದಳು, ತೊಳೆದಳು, ತಿನ್ನಿಸಿದಳು. ಹಾಸಿಗೆಯಲ್ಲಿದ್ದವರು ಹಾಸಿಗೆಯಲ್ಲಿ ಇಲ್ಲದವರನ್ನು ಬೈಯುವಷ್ಟನ್ನೆಲ್ಲ ಬೈಸಿಕೊಂಡಳು. ತಾಯಿ ಹೋದ ವಾರದಲ್ಲೇ ಕಾಲೇಜಿನಿಂದ ಕರೆ ಬಂತು. ದಶಂಬರದಿಂದ ಬರಬಹುದೋ ಎಂದು ಕೇಳಿದರು. ಬರುತ್ತೇನೆಂದಳು. ಬಸದಿಯ ಹತ್ತಿರ ಒಂದು ಕೋಣೆಯನ್ನೂ ಗೊತ್ತುಮಾಡಿದಳು. ಐವತ್ತೆರಡು ವರ್ಷದ ಹೆಂಗಸು ಮೊದಲ ಸಲ ತನಗೆ ಮಾತ್ರವೆಂದು ಒಂದು ಬೀಗ ಕೊಂಡುಕೊಂಡಳು.

ಇದು ಅವಳ ತಾಯಿಯ ತಂಗಿಗೆ, ವಿಟ್ಲದ ಚಿಕ್ಕಮ್ಮನಿಗೆ ಸರಿಬೀಳಲಿಲ್ಲ. "ದೇವರ ದೀಪ ಕತ್ತಲಾಗಬಾರದು, ಅನ್ನಪೂರ್ಣೆ ಇಲ್ಲೇ ಇರಲಿ, ಅಂತ ಅಕ್ಕ ನನ್ನ ಹತ್ರ ಹೇಳಿದ್ದಾಳೆ" ಎಂದು ಬಂದವರಿಗೆಲ್ಲ ಹೇಳಿದರು. ತಾಯಿಗೆ ಕೊನೆಗೆ ಮಾತೇ ಹೊರಡುತ್ತಿರಲಿಲ್ಲ. ಆದರೆ ಸತ್ತವರ ಪರವಾಗಿ ಮಾತಾಡುವವರಿಗೆ ಅದೊಂದು ತೊಡಕಲ್ಲ.

ಸೂತಕದ ದಿನಗಳನ್ನು ರಾಮಪ್ರಸಾದ ಸೆರೆಮನೆಯಲ್ಲಿದ್ದವನಂತೆ ಕಳೆದ. ಒಬ್ಬನೇ ಮಗ, ಕ್ರಿಯೆ ಹಿಡಿದವನು, ಹೊಸ್ತಿಲು ದಾಟಿ ತಿರುಗುವಂತಿಲ್ಲ. ವಲಸೆಯ ಹಕ್ಕಿಗಳು ಇಳಿಯುವ ಕಾಲ ಬೇರೆ. ತಾಯಿ ಒಂದು ತಿಂಗಳು ಮೊದಲೋ ನಂತರವೋ ಹೋಗಬಹುದಿತ್ತೆಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಮುರಳಿ ದಿನಾ ಫೋಟೋ ಕಳಿಸಿ, ಕೆಳಗೆ ಕೈಮುಗಿದ ಚಿತ್ರ ಹಾಕಿ, "ಅಮ್ಮನ ಆತ್ಮಕ್ಕೆ ಶಾಂತಿ" ಎಂದು ಬರೆಯುತ್ತಿದ್ದ. ಕ್ಯಾಮರಾವನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ ಬಚ್ಚಲಿನ ಅಟ್ಟದಲ್ಲಿ ಇಟ್ಟುಕೊಂಡು ರಾಮಪ್ರಸಾದ ಬೆಳಿಗ್ಗೆ ಹಲ್ಲುಜ್ಜುವ ನೆಪದಲ್ಲಿ ಗುಡ್ಡೆ ನೋಡುತ್ತಿದ್ದ.

ಬೊಜ್ಜದ ದಿನ. ತಲೆ ಬೋಳಿಸಿಕೊಂಡು, ಒದ್ದೆ ಪಂಚೆಯಲ್ಲಿ, ಬೆರಳಿಗೆ ದರ್ಭೆಯ ಪವಿತ್ರ ಹಾಕಿಕೊಂಡು ರಾಮಪ್ರಸಾದ ಬಾಳೆಲೆಯ ಮೇಲೆ ಪಿಂಡ ಇಟ್ಟ. ಎಲೆಯನ್ನು ಅಂಗಳದ ಕೊನೆಯ ಕಲ್ಲಿನ ಮೇಲಿಟ್ಟು ಎಲ್ಲರೂ ಹಿಂದೆ ಸರಿದರು. ಕಾಗೆ ಬಂದು ಮುಟ್ಟಬೇಕು. ಮುಟ್ಟಿದರೆ ಸತ್ತವರಿಗೆ ಸಮಾಧಾನ. ಮುಟ್ಟದಿದ್ದರೆ ಅವರ ಯಾವುದೋ ಆಸೆ ಉಳಿದಿದೆಯೆಂದು ಅರ್ಥ. ಆಗ ಇದ್ದವರು ಆ ಆಸೆ ಯಾವುದೆಂದು ಊಹಿಸಿ, ನಡೆಸಿಕೊಡುತ್ತೇವೆಂದು ಗಟ್ಟಿಯಾಗಿ ಮಾತು ಕೊಡಬೇಕು. ಹಾಗೆ ಕೊಟ್ಟ ಮಾತಿನಿಂದ ಆ ಕಡೆಯ ಕುಟುಂಬಗಳಲ್ಲಿ ಯಾರೂ ಹಿಂದೆ ಸರಿಯುವುದಿಲ್ಲ.

ಪುರೋಹಿತರಾದ ಮಹಾಲಿಂಗೇಶ್ವರ ಭಟ್ಟರು "ಕಾ ಕಾ" ಎಂದು ಕರೆದರು. ಕಾಗೆ ಬರಲಿಲ್ಲ.

ಕಾಗೆಗಳು ಇಲ್ಲವೆಂದಲ್ಲ. ಮನೆಯ ಹಿಂದೆ, ಗುಡ್ಡೆಯ ಕಡೆ, ಊರಿನ ಕಾಗೆಗಳೆಲ್ಲ ಸೇರಿ ಕಿವಿ ಒಡೆಯುವಂತೆ ಕೂಗುತ್ತಿದ್ದವು. ಅನ್ನದ ಕಡೆಗೆ ಒಂದೂ ತಿರುಗಲಿಲ್ಲ.

"ಇವೆಲ್ಲ ಉಂಟಲ್ಲ ಇಲ್ಲೇ. ಇದ್ದೂ ಬರುದಿಲ್ಲ ಅಂದರೆ ಸುಮ್ಮನೆಯಾ?" ಎಂದರು ಚಿಕ್ಕಮ್ಮ.

ಆ ಕೂಗಿನ ಅರ್ಥ ಅಷ್ಟು ಜನರಲ್ಲಿ ಒಬ್ಬನಿಗೆ ಗೊತ್ತಿತ್ತು. ಹಗಲಿನಲ್ಲಿ ಕಾಗೆಗಳು ಹಾಗೆ ಮುತ್ತಿ ಕೂಗಿದರೆ ನಡುವೆ ಒಂದು ಗೂಬೆ ಸಿಕ್ಕಿಬಿದ್ದಿರುತ್ತದೆ. ರಾಮಪ್ರಸಾದ, "ಆ ಕಡೆಯಿಂದ ಓಡಿಸ್ತೇನೆ, ಬರಬಹುದು" ಎಂದು ಹೇಳಿ ಮನೆಯ ಹಿಂದೆ ಹೋದ. ಹೇಳಿದ ಕೆಲಸವನ್ನೇ ಮಾಡಿದ್ದರೆ ಈ ಮನುಷ್ಯನ ಬಗ್ಗೆ ಬರೆಯಲು ಏನೂ ಇರುತ್ತಿರಲಿಲ್ಲ.

ಧೂಪದ ಮರದ ನಡುಗೊಂಬೆಯಲ್ಲಿ, ಎಲೆಗಳ ಮರೆಯಲ್ಲಿ ಅದು ಕೂತಿತ್ತು. ಕೊಂಬಿನಂತೆ ನಿಂತ ಕಿವಿಗರಿ, ಹೊಟ್ಟೆಯ ತುಂಬ ಚುಕ್ಕೆ, ಒಂದು ಕೈಕೂಸಿನಷ್ಟು ಗಾತ್ರ. ಘಟ್ಟದ ದೊಡ್ಡ ಕಾಡುಗೂಬೆ. ಬೆಳ್ತಂಗಡಿಯ ಪಟ್ಟಿಯಲ್ಲಿ ಇದೆ, ಬಂಟ್ವಾಳದಲ್ಲಿ ಯಾರಿಗೂ ಇಲ್ಲ. ಮುರಳಿಗೆ ಇಲ್ಲ.

ರಾಮಪ್ರಸಾದನ ಒದ್ದೆ ಮೈ ನಡುಗಿತು. ತಾಯಿ ಸತ್ತ ದಿನ ಹಾಗೆ ನಡುಗಿತ್ತೋ ಇಲ್ಲವೋ ನೋಡಿದವರಿಲ್ಲ. ಬಚ್ಚಲಿಗೆ ಹೋಗಿ ಬೈರಾಸು ಬಿಚ್ಚಿದ. ಪವಿತ್ರ ಹಾಕಿದ ಬೆರಳು ಗುಂಡಿಗೆ ಅಡ್ಡ ಬಂತು. ತೆಗೆದು ಒಲೆಕಟ್ಟೆಯ ಮೇಲಿಟ್ಟ.

ಗೂಬೆ ಎಲೆಯ ಹಿಂದೆ ಇತ್ತು. ಮುಖ ಕಾಣದ ಫೋಟೋ ತೆಗೆದರೆ ಮುರಳಿ ಬಿಡುತ್ತಾನೆಯೇ? ಕಾಗೆಗಳು ಹೀಗೇ ಕುಟುಕಿದರೆ ಅದು ಇನ್ನೊಂದು ಕೊಂಬೆಗೆ, ಬಯಲಿಗೆ ಬರುತ್ತದೆ. ಕಾಗೆಗಳು ಹೋದರೆ ಅದು ಇನ್ನೂ ಒಳಗೆ ಸರಿಯುತ್ತದೆ. ಹಾಗಾಗಿ ಕಾಗೆಗಳು ಇರಬೇಕು. ತಾಯಿಯ ಪಿಂಡ ಮುಟ್ಟಬೇಕಾದ ಕಾಗೆಗಳನ್ನು ಮಗ ತನ್ನ ಕೆಲಸಕ್ಕೆ ನಿಲ್ಲಿಸಿಕೊಂಡ. ಒಂದು ಚಪ್ಪಾಳೆ ಸಾಕಿತ್ತು. ಅವನು ಉಸಿರು ಬಿಗಿಹಿಡಿದು ನಿಂತ.

ಅಂಗಳದ ಮಾತು ಅವನಿಗೆ ಚೆನ್ನಾಗಿ ಕೇಳುತ್ತಿತ್ತು.

"ಮೊಸರು ಹಾಕಿದ್ದೀರಾ ಭಟ್ರೇ? ಅಕ್ಕನಿಗೆ ಮೊಸರು ಇಲ್ಲದೆ ಆಗುದಿಲ್ಲ."

"ಹಾಕಿ ಆಗಿದೆ. ಇನ್ನು ಸ್ವಲ್ಪ ನೋಡುವ. ಬರದಿದ್ದರೆ ದರ್ಭೆಯ ಕಾಗೆ ಮಾಡಿ ಮುಟ್ಟಿಸಿದರಾಯಿತು, ಅದಕ್ಕೂ ವಿಧಿ ಉಂಟು."

"ಹುಲ್ಲಿನ ಕಾಗೆ ಬೇಡ. ಅವಳು ಎಂತದಕ್ಕೆ ಮುನಿದಿದ್ದಾಳೆ ಅಂತ ನಮಗೆ ಗೊತ್ತುಂಟು. ಅನ್ನಪೂರ್ಣೆಗೂ ಗೊತ್ತುಂಟು."

ಮೊದಲು ಇತರರು ಮಾತು ಕೊಟ್ಟರು. ಶುಭಶ್ರೀ, ಅತ್ತೆಯ ಹೆಸರಿನಲ್ಲಿ ಧರ್ಮಸ್ಥಳಕ್ಕೆ ಹೋಗಿ ಬರುತ್ತೇವೆಂದಳು. ಕಾಗೆ ಬರಲಿಲ್ಲ. ಯಾರೋ ವರ್ಷಾಂತದ ಶ್ರಾದ್ಧಕ್ಕೆ ಹೆಚ್ಚು ಜನರಿಗೆ ಊಟ ಹಾಕುವ ಎಂದರು. ಬರಲಿಲ್ಲ. ಒಂದೊಂದು ಮಾತು ವ್ಯರ್ಥವಾದಂತೆ ಎಲ್ಲರ ಕಣ್ಣೂ ಅನ್ನಪೂರ್ಣೇಶ್ವರಿಯ ಮೇಲೆ ನಿಂತಿತು. ಆರು ವರ್ಷ ತಾಯಿಯನ್ನು ಎತ್ತಿ ಮಲಗಿಸಿದವಳು, ಹಿಂದಿನಿಂದ ಕಾಗೆಗಳ ಕೂಗು ಕೇಳುತ್ತ, ಕಟಕಟೆಯಲ್ಲಿ ನಿಂತವಳ ಹಾಗೆ ನಿಂತಳು.

"ಹೇಳು ಮಗಾ," ಎಂದರು ಚಿಕ್ಕಮ್ಮ. "ಒಂದು ಮಾತು. ಮೂಡುಬಿದಿರೆ ಎಲ್ಲಿಗೂ ಓಡಿ ಹೋಗುದಿಲ್ಲ. ನಿನ್ನ ಅಮ್ಮ ಅಲ್ಲಿ ಹಸಿದು ಕೂತಿದ್ದಾಳೆ."

ಅನ್ನಪೂರ್ಣೇಶ್ವರಿ ಇಂಥದ್ದನ್ನು ನಂಬುವವಳಲ್ಲ. ಆದರೆ ಅಂಗಳದಲ್ಲಿ ಮೂವತ್ತು ಜನ ನಂಬುತ್ತ ನಿಂತಿರುವಾಗ ಒಬ್ಬಳ ನಂಬದಿರುವಿಕೆಗೆ ಎಷ್ಟು ಬಲವಿರುತ್ತದೆ?

"ನಾನು ಮೂಡುಬಿದಿರೆಗೆ ಹೋಗುದಿಲ್ಲ ಅಮ್ಮ," ಎಂದಳು. "ಇಲ್ಲೇ ಇರ್ತೇನೆ. ದಿನಾ ಸಂಜೆ ದೇವರ ದೀಪ ಹಚ್ಚುತ್ತೇನೆ."

ರಾಮಪ್ರಸಾದನಿಗೆ ಪ್ರತಿಯೊಂದು ಅಕ್ಷರವೂ ಕೇಳಿತು. ಅಕ್ಕ ಮೂಡುಬಿದಿರೆಗೆ ಹೋಗದಿದ್ದರೆ ಈ ಮನೆಯ ಬಾಗಿಲು ತೆರೆದಿರುತ್ತದೆ, ಚಳಿಗಾಲದಲ್ಲಿ ಬಂದಾಗ ಚಹಾವೂ ಸಿಗುತ್ತದೆ ಎಂದು ಅವನ ಮನಸ್ಸಿನ ಒಂದು ಮೂಲೆ ಲೆಕ್ಕ ಹಾಕಿತು. ಉಳಿದ ಮನಸ್ಸೆಲ್ಲ ಗೂಬೆಯ ಮೇಲಿತ್ತು. ಅಷ್ಟರಲ್ಲಿ ಒಂದು ಕಾಗೆ ಬೆನ್ನಿಗೆ ಕುಟುಕಿತು. ಗೂಬೆ ಎಲೆಯ ಮರೆ ಬಿಟ್ಟು ಒಣಕೊಂಬೆಗೆ ಬಂದು, ಅವನತ್ತ ಪೂರ್ತಿ ಮುಖ ತಿರುಗಿಸಿತು. ಕ್ಯಾಮರಾ ತಡವಿಲ್ಲದೆ ತನ್ನ ಕೆಲಸ ಮಾಡಿತು. ಗೂಬೆ ರೆಕ್ಕೆ ಬಿಚ್ಚಿ, ಸದ್ದಿಲ್ಲದೆ ತೋಡು ದಾಟಿ ಬೆಳ್ತಂಗಡಿಗೆ ಹೋಯಿತು. ಇನ್ನು ಅದು ಎಲ್ಲಿಗೆ ಹೋದರೂ ರಾಮಪ್ರಸಾದನಿಗೆ ಚಿಂತೆಯಿರಲಿಲ್ಲ.

ಕೆಲಸ ಮುಗಿದ ಕಾಗೆಗಳು ಅಂಗಳಕ್ಕೆ ಬಂದವು. ಒಂದಲ್ಲ, ಐದಾರು. ಪಿಂಡ ಚೂರುಚೂರಾಯಿತು. ಚಿಕ್ಕಮ್ಮ ಕಣ್ಣೊರೆಸಿಕೊಂಡು ಸುತ್ತಲೂ ನೋಡಿದರು. ಅನ್ನಪೂರ್ಣೇಶ್ವರಿ ಒಳಗೆ ಹೋಗಿ, ಕಟ್ಟಿಟ್ಟಿದ್ದ ಪುಸ್ತಕದ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ, ಬಡಿಸಲು ಸೆರಗು ಸಿಕ್ಕಿಸಿಕೊಂಡು ಬಂದಳು.

ಸುಮ್ಮನಿದ್ದಿದ್ದರೆ ರಾಮಪ್ರಸಾದನ ಕೆಲಸ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸುಮ್ಮನಿರುವವರು ಪಟ್ಟಿ ಮಾಡುವುದಿಲ್ಲ. ಊಟದ ಪಂಕ್ತಿಯಲ್ಲಿ ಭಟ್ಟರ ಪಕ್ಕ ಕೂತವನಿಗೆ ಸಾರು ಬರುವ ತನಕವೂ ತಡೆಯಲಾಗಲಿಲ್ಲ. ಕ್ಯಾಮರಾದಿಂದ ಫೋನಿಗೆ ಇಳಿಸಿಕೊಂಡಿದ್ದ ಫೋಟೋವನ್ನು ಎಡಗೈಯಲ್ಲಿ ಹಿಡಿದು ಅವರ ಎಲೆಯ ಮೇಲೆ ಚಾಚಿದ.

"ಇದು ನೋಡಿ ಭಟ್ರೇ."

ಭಟ್ಟರು ಅನ್ನ ಕಲಸುತ್ತಲೇ ಓರೆಗಣ್ಣಿನಿಂದ ನೋಡಿದರು. "ಲಾಯ್ಕುಂಟು. ಯಾವ ಕಾಡು?"

"ಕಾಡಲ್ಲ. ನಮ್ಮ ಹಿತ್ತಲು. ಧೂಪದ ಮರ."

"ಯಾವಾಗ?"

"ಈಗ. ಪಿಂಡ ಇಟ್ಟು ನೀವೆಲ್ಲ ಕಾಯ್ತಾ ಇದ್ದಿರಲ್ಲ, ಆವಾಗ. ಕಾಗೆ ಅಷ್ಟೂ ಇದರ ಮೇಲೆಯೇ ಬಿದ್ದದ್ದು. ನಿಜ ಹೇಳಬೇಕಾದರೆ ಕಾಗೆಗಳದ್ದೇ ಉಪಕಾರ. ಅವು ಕುಟುಕದಿದ್ದರೆ ಇದು ಹೊರಗೆ ಬರ್ತಿರಲಿಲ್ಲ."

ಭಟ್ಟರ ಕೈ ಅನ್ನದಲ್ಲೇ ನಿಂತಿತು. ಪಾಯಸದ ಪಾತ್ರೆ ಹಿಡಿದು ಎದುರು ನಿಂತಿದ್ದ ಅನ್ನಪೂರ್ಣೇಶ್ವರಿ ಬಗ್ಗಿ ಫೋಟೋ ನೋಡಿದಳು.

"ನೀನು ಚಪ್ಪಾಳೆ ತಟ್ಟಿದ್ದರೆ ಇದು ಹಾರ್ತಿತ್ತಾ?"

"ಹಾರದೆ? ಅದಕ್ಕೇ ಉಸಿರು ಸಹ ಬಿಡದೆ ನಿಂತದ್ದು ನಾನು."

"ಇದು ಹಾರಿದ್ದರೆ ಕಾಗೆ ಬರ್ತಿತ್ತಾ?"

"ಬಂತಲ್ಲ ಮತ್ತೆ."

"ನಾನು ಅಮ್ಮನಿಗೆ ಮಾತು ಕೊಟ್ಟದ್ದು ನಿನಗೆ ಕೇಳಿತ್ತಾ?"

ರಾಮಪ್ರಸಾದನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅದನ್ನು ಅವನ ಗುಣವೆಂದು ಕೆಲವರು ಹೇಳುವುದುಂಟು. ಸುಳ್ಳು ಹೇಳಲು ತಾನು ಮಾಡಿದ್ದು ತಪ್ಪೆಂದು ಮೊದಲು ಹೊಳೆಯಬೇಕು, ಅವನಿಗೆ ಹೊಳೆದಿರಲಿಲ್ಲ.

"ಕೇಳ್ತಿತ್ತು," ಎಂದ. "ಸರೀ ಕೇಳ್ತಿತ್ತು."

ಅನ್ನಪೂರ್ಣೇಶ್ವರಿ ಪಾತ್ರೆ ಕೆಳಗಿಟ್ಟಳು. "ಚಿಕ್ಕಮ್ಮ, ಇಲ್ಲಿ ಬನ್ನಿ. ಕನ್ನಡಕ ಹಾಕಿಕೊಂಡೇ ಬನ್ನಿ. ಅಮ್ಮನ ಆಸೆ ಹೇಗಿತ್ತು ಅಂತ ಇವನು ಫೋಟೋ ತೆಗೆದಿದ್ದಾನೆ."

ಚಿಕ್ಕಮ್ಮ ಬಂದು ನೋಡಿದರು. ಸುಲಭಕ್ಕೆ ಬಿಡುವವರಲ್ಲ. "ಆ ಗೂಬೆಯನ್ನು ಕಳಿಸಿದ್ದೇ ಅಕ್ಕ ಆಗಿದ್ದರೆ?"

"ಕಳಿಸಿದ್ದರೆ ಮಗನಿಗೆ ಅಂತಲೇ ಕಳಿಸಿರಬೇಕು," ಎಂದಳು ಅನ್ನಪೂರ್ಣೇಶ್ವರಿ. "ನನಗೆ ಗೂಬೆಯ ಹುಚ್ಚಿಲ್ಲ ಅಂತ ಅವಳಿಗೆ ಗೊತ್ತಿತ್ತು."

ಪಂಕ್ತಿಯ ಕೊನೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಫೋನು ಕೈಯಿಂದ ಕೈಗೆ ಹೋಯಿತು. ಆಗ ಮೊದಲ ಸಲ ರಾಮಪ್ರಸಾದನ ಮುಖದಲ್ಲಿ ಆತಂಕ ಕಂಡಿತು.

"ಯಾರೂ ಅದನ್ನು ಯಾವ ಗ್ರೂಪಿಗೂ ಹಾಕಬೇಡಿ. ಮುರಳಿಗೆ ಜಾಗ ಗೊತ್ತಾಗ್ತದೆ."

ಶುಭಶ್ರೀ ಅಡುಗೆಕೋಣೆಯ ಬಾಗಿಲಿನಲ್ಲಿ ನಿಂತಿದ್ದಳು. "ರೀ, ಬಾಯಿ ಮುಚ್ಚಿ ಊಟ ಮಾಡಿ," ಎಂದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಜನರ ಎದುರು ಅವಳು ಹಾಗೆ ಹೇಳಿದ್ದು ಅದೇ ಮೊದಲು.

ಎಲ್ಲರೂ ಭಟ್ಟರ ಕಡೆ ನೋಡಿದರು. ಭಟ್ಟರು ಕಲಸಿದ ತುತ್ತು ಬಾಯಿಗಿಟ್ಟು, ನಿಧಾನವಾಗಿ ನುಂಗಿ, ನೀರು ಕುಡಿದರು.

"ಸತ್ತವರಿಗೆ ಕೊಟ್ಟ ಮಾತನ್ನು ಹಿಂದೆ ತೆಗೆಯಲಿಕ್ಕೆ ಆಗುದಿಲ್ಲ. ಅದು ಒಂದು. ಆದರೆ ಕಾಗೆ ಬಾರದ್ದು ಅವರ ಮುನಿಸಿನಿಂದ ಅಲ್ಲ, ಕರ್ತೃವಿನ ದೋಷದಿಂದ. ಅದು ಎರಡು. ಪಿಂಡ ಇಟ್ಟವ ಯಾರು? ಇವ. ಪವಿತ್ರ ತೆಗೆದಿಟ್ಟವ ಯಾರು? ಕೈ ನೋಡಿ, ನಾನು ತೆಗೆಯಲು ಹೇಳುವ ಮೊದಲೇ ಬೆರಳಲ್ಲಿ ಇಲ್ಲ. ದೋಷ ಯಾರದ್ದೋ ಮಾತು ನಡೆಸುವುದೂ ಅವರೇ. ಮಗ ಇದ್ದ ಮೇಲೆ ಮಗಳು ಯಾಕೆ?"

"ನನಗೆ ಕ್ಲಿನಿಕ್ ಉಂಟು ಭಟ್ರೇ," ಎಂದ ರಾಮಪ್ರಸಾದ.

"ಸಂಜೆ ಮಾತ್ರ ಅಲ್ವಾ? ಮೆಲ್ಕಾರಿನಿಂದ ಎಷ್ಟು ದೂರ ಮಹಾ. ಹಕ್ಕಿ ಬಂದರೆ ಬರ್ತೀರಿ, ದೇವರಿಗೆ ಬನ್ನಿ. ವರ್ಷಾಂತದ ತನಕ ನಡೆಸಿ. ಅವತ್ತು ಮತ್ತೆ ಕಾಗೆಗೆ ಇಡುವಾಗ ನೋಡುವ, ಎಂತ ಹೇಳ್ತದೆ ಅಂತ." ಭಟ್ಟರು ಎಲೆಯ ಕಡೆ ತಿರುಗಿದರು. "ಅನ್ನಪೂರ್ಣಕ್ಕ, ಪಾಯಸ ತಣಿಯುತ್ತದೆ."

ಚಿಕ್ಕಮ್ಮನಿಗೆ ದೀಪ ಉರಿದರೆ ಸಾಕಿತ್ತೋ, ಅನ್ನಪೂರ್ಣೇಶ್ವರಿ ಉಳಿಯಬೇಕಿತ್ತೋ ಅವರೇ ಬಲ್ಲರು. ಬಾಯಿಬಿಟ್ಟು ಕೇಳಿದ್ದು ದೀಪವನ್ನು ಮಾತ್ರ. ಹಾಗಾಗಿ ಭಟ್ಟರ ಮಾತಿಗೆ ಒಪ್ಪಲೇಬೇಕಾಯಿತು. ಅನ್ನಪೂರ್ಣೇಶ್ವರಿ ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದಳು. ದಶಂಬರದ ಮೊದಲ ವಾರ ಮೂಡುಬಿದಿರೆಯ ಬಸ್ಸು ಹತ್ತಿದಳು. ಹೊರಡುವಾಗ ತಮ್ಮನಿಗೆ ಎಣ್ಣೆಯ ಡಬ್ಬಿ ತೋರಿಸಿ, "ಕರೆಂಟಿನ ದೀಪ ತಂದು ಸಿಕ್ಕಿಸಬೇಡ. ನಿನ್ನ ಬುದ್ಧಿ ನನಗೆ ಗೊತ್ತುಂಟು" ಎಂದಳು. ಅವನು ಅದನ್ನೇ ಯೋಚಿಸಿದ್ದ.

ಗೂಬೆಯಿಂದಾಗಿ ರಾಮಪ್ರಸಾದ ಬಂಟ್ವಾಳ ತಾಲೂಕಿನ ಮೊದಲಿಗನಾದ. ಆ ಪಟ್ಟ ಮೂರು ವಾರ ಉಳಿಯಿತು. ದಶಂಬರದಲ್ಲಿ ಕಡಲಿನಿಂದ ದಾರಿ ತಪ್ಪಿದ, ರೀವ ಎಂಬ ಒಂದು ನೀರುಹಕ್ಕಿ ತುಂಬೆಯ ನೀರಿನ ಮೇಲೆ ಸಂಜೆಯ ಹೊತ್ತು ಮಾತ್ರ ಕಾಣಿಸಿಕೊಳ್ಳತೊಡಗಿತು. ಮುರಳಿ ಅಂಗಡಿ ಮುಚ್ಚಿ ಹೋಗಿ ನೋಡಿದ, ಫೋಟೋ ತೆಗೆದ. ಇನ್ನೂ ಯಾವುದೋ ಎರಡು ಹಕ್ಕಿಗಳನ್ನು ಅಲ್ಲೇ ಸೇರಿಸಿಕೊಂಡ. ಆ ಹೊತ್ತಿಗೆಲ್ಲ ರಾಮಪ್ರಸಾದ ನೆಕ್ಕರೆಯಲ್ಲಿ ಬತ್ತಿ ಹೊಸೆಯುತ್ತಿದ್ದ. ನೆರೆಮನೆಯ ಕುಶಾಲಪ್ಪನನ್ನು, "ನೀವು ಒಂದು ಹಚ್ಚಿಬಿಡ್ತೀರಾ, ನಿಮಗೆ ಹಲ್ಲು ಫ್ರೀ" ಎಂದು ಕೇಳಿದ. ಕುಶಾಲಪ್ಪ, "ನನ್ನ ಹಲ್ಲು ಗಟ್ಟಿ ಉಂಟು ಡಾಕ್ಟ್ರೇ, ನಿಮ್ಮ ದೀಪ ನೀವೇ ಹಚ್ಚಿ" ಎಂದರು.

ಅವನು ದಿನಾ ಬಂದು ಹಚ್ಚಿದ. ಒಂದು ಸಂಜೆಯೂ ತಪ್ಪಿಸಲಿಲ್ಲ. ಕೇಳಿದವರಲ್ಲಿ ಕೆಲವರು, ಅಂತೂ ಮಗನಿಗೆ ಬುದ್ಧಿ ಬಂತು ಎಂದರು. ಅಂಥವರಿಗಾಗಿ ಮುಂದಿನದನ್ನೂ ಹೇಳಬೇಕಾಗುತ್ತದೆ.

ಮಾಘದಲ್ಲಿ ಒಂದು ದಿನ ಕುಶಾಲಪ್ಪ ಮೂಡುಬಿದಿರೆಯ ಪೇಟೆಯಲ್ಲಿ ಅನ್ನಪೂರ್ಣೇಶ್ವರಿಗೆ ಸಿಕ್ಕಿದರು. ಅವಳು ಕಾಲೇಜು ಮುಗಿಸಿ, ಚೀಲದಲ್ಲಿ ಉತ್ತರಪತ್ರಿಕೆಗಳನ್ನು ಹಿಡಿದು ಕೋಣೆಗೆ ಹೋಗುತ್ತಿದ್ದಳು.

"ನಿಮ್ಮ ತಮ್ಮ ದೀಪವನ್ನು ದೇವರ ಕೋಣೆಯಿಂದ ತೆಗೆದು ಹಿಂದಿನ ಕಿಟಿಕಿಯಲ್ಲಿ ಇಡ್ತಾರೆ ಅಕ್ಕ. ಯಾಕೆ ಅಂತ ಕೇಳಿದೆ. ಬೆಳಕಿಗೆ ಹುಳ ಬರ್ತದಂತೆ, ಹುಳಕ್ಕೆ ಎಂತದೋ ರಾತ್ರಿ ಹಕ್ಕಿ ಬರ್ತದಂತೆ. ಮೊನ್ನೆ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರು. ಅಮ್ಮನ ನೆನಪಾಯಿತೋ ಅಂತ ಹತ್ರ ಹೋದೆ. ಆ ಹಕ್ಕಿ ಮುರಳಿಯ ಕಣ್ಣಿಗೆ ಬೀಳದಿರಲಿ ಅಂತ ಹೇಳ್ತಾ ಇದ್ದರು."

ಅನ್ನಪೂರ್ಣೇಶ್ವರಿ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಎಣ್ಣೆ ಸರಿಯಾಗಿ ಹಾಕ್ತಾನಾ?"

"ಹಾಕ್ತಾರೆ. ತುಂಬ ಹೊತ್ತು ಉರೀಬೇಕಲ್ಲ ಅವರಿಗೆ."

"ಹಾಗಾದರೆ ಸಾಕು," ಎಂದಳು. "ಅವನಿಂದ ಅದಕ್ಕಿಂತ ಹೆಚ್ಚು ಕೇಳಿದರೆ ತಪ್ಪು ನಮ್ಮದು."

ಬೀಗದ ಕೈ ಸೊಂಟದಲ್ಲಿತ್ತು. ಅವಳು ಬಸದಿಯ ಬೀದಿಗೆ ತಿರುಗಿದಳು.